ಮೆತ್ತನೆಯ ಸೀಟು ಹಾಕಿಸಿದರೂ ಜೋಮು ಏಕೆ?

ಪ್ರಶ್ನೆ: ನನಗೆ 46 ವರ್ಷ, ಮೈಸೂರಿನವನು. ಒಂದು ವರ್ಷದಿಂದ ಹೈಬ್ರಿಡ್ ಸೈಕಲ್ (ರೋಡ್ ಬೈಕ್ ಮತ್ತು ಮೌಂಟನ್ ಬೈಕ್ ನಡುವಿನ ಬಗೆ) ಓಡಿಸುತ್ತಿದ್ದೇನೆ. ಶ್ರೀರಂಗಪಟ್ಟಣಕ್ಕೆ ಹೋಗಿಬರಲು ತೊಂದರೆಯಿಲ್ಲ, 40 ಕಿ.ಮೀ. ದಾಟಿದರೆ ತೊಡೆಸಂದಿಯಲ್ಲಿ ಜೋಮು ಹಿಡಿಯುತ್ತದೆ. ಸೀಟಿಗೆ ಜೆಲ್ ಕವರ್ ಹಾಕಿದ ಮೇಲೆ ಅದು ಇನ್ನೂ ಹೆಚ್ಚಾಗಿದೆ. ಮಳೆಗಾಲ ಮುಗಿದ ಮೇಲೆ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುವ ಆಸೆ. ಚರ್ಮದ ಸೀಟು ಕೊಳ್ಳಬಹುದೇ?

ಉತ್ತರ: ಮೊದಲು ಆ ಜೆಲ್ ಕವರ್ ತೆಗೆದಿಡಿ. ಜೋಮು ಹೆಚ್ಚಾಗಿದ್ದು ಅದರಿಂದಲೇ ಇರಬೇಕು.

ಸೈಕಲ್ ಮೇಲೆ ನಮ್ಮ ಭಾರ ಹೊರಬೇಕಾದವು ಪೃಷ್ಠದ ಅಡಿಯ ಎರಡು ಮೂಳೆಗಳು. ಕಲ್ಲಿನ ಜಗಲಿಯ ಮೇಲೆ ಕುಳಿತು ಅತ್ತಿತ್ತ ವಾಲಿದರೆ ಅವು ಒತ್ತುವುದು ನಿಮಗೇ ಗೊತ್ತಾಗುತ್ತದೆ. ಅವೆರಡರ ನಡುವಿನ ಮೃದು ಭಾಗಕ್ಕೆ ರಕ್ತನಾಳಗಳು ಮತ್ತು ಆ ಭಾಗದ ಸ್ಪರ್ಶ ತಿಳಿಸುವ ಪ್ಯೂಡೆಂಡಲ್ ನರದ ಕವಲುಗಳು ಬರುತ್ತವೆ. ಸೀಟು ತೀರಾ ಮೆತ್ತಗಿದ್ದರೆ ಮೂಳೆಗಳು ಅದರೊಳಗೆ ಹುದುಗುತ್ತವೆ, ಜೆಲ್ ನಡುವೆ ಉಬ್ಬಿಕೊಂಡು ನರವನ್ನು ಅದುಮುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕುಳಿತು ನೋಡಿದಾಗ ಇದು ತಿಳಿಯುವುದೇ ಇಲ್ಲ.

ಹಾಗಿದ್ದರೆ ಹಾಲಿನವರ ಹಳೆಯ ಸೈಕಲ್ಲಿಗೆ ಸ್ಪ್ರಿಂಗ್ ಹಾಕಿದ ಅಗಲ ಸೀಟು ಏಕಿತ್ತು ಎಂದು ನೀವು ಕೇಳಬಹುದು. ಆ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗಿರುತ್ತದೆ, ಇಡೀ ಭಾರ ಸೀಟಿನ ಹಿಂಭಾಗಕ್ಕೆ ಬೀಳುತ್ತದೆ. ಅದಕ್ಕೆ ಆ ಸೀಟೇ ಸರಿ. ಹೈಬ್ರಿಡ್‌ನಲ್ಲಿ ನೀವು ಸ್ವಲ್ಪ ಮುಂದಕ್ಕೆ ಬಾಗಿರುತ್ತೀರಿ, ಸೀಟು ಅಷ್ಟು ಅಗಲವಿದ್ದರೆ ತೊಡೆ ಉಜ್ಜುತ್ತದೆ.

ಅಗಲವನ್ನು ಅಂದಾಜಿನಲ್ಲಿ ಆರಿಸಬೇಡಿ, ಅಳೆಯಿರಿ. ದಿನಸಿ ಪೆಟ್ಟಿಗೆಯ ರಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ತೆಳು ಬಟ್ಟೆ ತೊಟ್ಟು, ಮುಂದಕ್ಕೆ ಬಾಗಿ, ಹಿಮ್ಮಡಿ ಎತ್ತಿ ಒಂದು ನಿಮಿಷ ಕೂರಿ. ರಟ್ಟಿನಲ್ಲಿ ಎರಡು ಗುಳಿ ಬೀಳುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದು, ಅದಕ್ಕೆ 20ರಿಂದ 30 ಮಿ.ಮೀ. ಸೇರಿಸಿ. ಅಳತೆ 120 ಬಂದರೆ 140-150 ಮಿ.ಮೀ. ಸೀಟು ಹುಡುಕಿ. ಒಳ್ಳೆಯ ಸೀಟುಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ಅಡಿಭಾಗದಲ್ಲಿ ಇರುತ್ತದೆ. ದಪ್ಪಗಿರುವವರಿಗೆ ಅಗಲ ಸೀಟು ಬೇಕೆಂಬುದು ತಪ್ಪು, ಈ ಮೂಳೆಗಳ ಅಂತರಕ್ಕೂ ಮೈತೂಕಕ್ಕೂ ಸಂಬಂಧವಿಲ್ಲ. ನಿಮಗೆ ಜೋಮಿನ ತೊಂದರೆ ಇರುವುದರಿಂದ ನಡುವೆ ಸೀಳು ಇರುವ ಸೀಟನ್ನೇ ಮೊದಲು ನೋಡಿ.

ದುಡ್ಡು ಖರ್ಚು ಮಾಡುವ ಮೊದಲು ಈಗಿರುವ ಸೀಟಿನ ಮಟ್ಟವನ್ನೂ ನೋಡಿ. ಸೀಟಿನ ಮೂತಿ, ಅಂದರೆ ಮುಂದಿನ ತುದಿ, ಮೇಲಕ್ಕಿದ್ದರೆ ಎಂಥ ಸೀಟಿನಲ್ಲೂ ಜೋಮು ತಪ್ಪಿದ್ದಲ್ಲ. ಮೊಬೈಲಿನಲ್ಲಿ ಮಟ್ಟ ತೋರಿಸುವ ಲೆವೆಲ್ ಆ್ಯಪ್ ತೆರೆದು, ಸೀಟಿನ ಮೇಲಿಟ್ಟು ಸಮ ಮಾಡಿ. ಬೇಕಾದರೆ ಒಂದೆರಡು ಡಿಗ್ರಿ ಮೂತಿ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಮುಂದಕ್ಕೆ ಜಾರುತ್ತೀರಿ, ಮಣಿಕಟ್ಟು ನೋಯುತ್ತದೆ. ಎತ್ತರಕ್ಕೆ ಹಳೆಯ ಉಪಾಯವೇ ಸಾಕು: ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಮಂಡಿ ನೆಟ್ಟಗಾಗಬೇಕು, ಸೊಂಟ ವಾಲಬಾರದು.

ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಒಳಗೆ ಒಳಚಡ್ಡಿ ಬೇಡ, ಅದರ ಹೊಲಿಗೆಯೇ ಚರ್ಮ ಕೆರೆಯುತ್ತದೆ.

ಇನ್ನು ಚರ್ಮದ ಸೀಟು. ಬ್ರೂಕ್ಸ್ ಬಿ17 ಥರದ ಸೀಟಿನಲ್ಲಿ ಮೆತ್ತೆಯೇ ಇಲ್ಲ. ಬಿಗಿದ ದಪ್ಪ ಚರ್ಮವೇ ನಿಧಾನವಾಗಿ ನಿಮ್ಮ ಮೂಳೆಗಳ ಆಕಾರಕ್ಕೆ ಬಗ್ಗುತ್ತದೆ. ಹಾಗೆ ಬಗ್ಗಲು ನೂರಾರು ಕಿಲೋಮೀಟರ್ ಬೇಕು. ಒಗ್ಗಿದ ಮೇಲೆ ಅಂಥ ಹಿತ ಬೇರೆ ಸೀಟಿನಲ್ಲಿ ನನಗೆ ಸಿಕ್ಕಿಲ್ಲ. ಆದರೆ ಅದು ಸುಮಾರು 170 ಮಿ.ಮೀ. ಅಗಲ, ಹ್ಯಾಂಡಲ್ ಸೀಟಿನ ಮಟ್ಟದಲ್ಲಿ ಅಥವಾ ಮೇಲಿದ್ದರೆ ಮಾತ್ರ ಚೆನ್ನ. ನೆನೆದ ಚರ್ಮದ ಮೇಲೆ ಕುಳಿತು ಓಡಿಸಿದರೆ ಅದು ಜೋತುಬೀಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಅದನ್ನೇ ಕೊಳ್ಳುವುದಾದರೆ ಈಗಲೇ ಕೊಳ್ಳಿ, ಬ್ರೆವೆಯ ಹಿಂದಿನ ವಾರ ಹೊಸ ಸೀಟು ಹಾಕಿಸಬೇಡಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕಾಲಾವಕಾಶವಿದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ರಕ್ತ ಓಡಲು ಬಿಡುವಷ್ಟು ಪುರುಸೊತ್ತು ಖಂಡಿತ ಸಿಗುತ್ತದೆ.

ಜೋಮು ಹಿಡಿದರೆ ಸಹಿಸಿಕೊಂಡು ಮುಂದುವರಿಯಬೇಡಿ, ಇಳಿದು ನಡೆಯಿರಿ. ಮನೆಗೆ ಬಂದು ಗಂಟೆಗಳು ಕಳೆದರೂ ಹೋಗದಿದ್ದರೆ ಅಥವಾ ಮೂತ್ರಕ್ಕೆ ತೊಂದರೆಯಾದರೆ ಸೈಕಲ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹೇಳಿಕೊಳ್ಳಲು ಸಂಕೋಚ ಬೇಡ.