ಸ್ಯಾಂಪ್ರಸ್ ನಾಟಕ ಆಡಿದ್ದಲ್ಲ

1996ರ ಯುಎಸ್ ಓಪನ್ ಕ್ವಾರ್ಟರ್ ಫೈನಲ್‌ನಲ್ಲಿ ಅಮೆರಿಕದ ಟೆನಿಸ್ ಆಟಗಾರ ಪೀಟ್ ಸ್ಯಾಂಪ್ರಸ್ ಸುಸ್ತಾದ ಹಾಗೆ ನಟಿಸಿ ಎದುರಾಳಿ, ಸ್ಪೇನಿನ ಅಲೆಕ್ಸ್ ಕೊರೆಟ್ಜಾನ ಗಮನ ಕೆಡಿಸಿದ್ದಾ ಅಂತ ಕೇಳಿದ್ದೀರಿ. ನನಗಂತೂ ಹಾಗೆ ಅನ್ನಿಸುವುದಿಲ್ಲ. ನಾಲ್ಕು ಗಂಟೆ ದಾಟಿದ ಆಟ, ಐದನೇ ಸೆಟ್‌ನ ಟೈಬ್ರೇಕ್ (ಸೆಟ್ 6-6 ಆದಾಗ ಗೆಲುವು ತೀರ್ಮಾನಿಸುವ ಆಟ), ಅದರ ಸ್ಕೋರ್ 1-1. ಆಗ ಸ್ಯಾಂಪ್ರಸ್ ಕೋರ್ಟಿನ ಹಿಂದೆ ಹೋಗಿ ಎಲ್ಲರೆದುರೇ ವಾಂತಿ ಮಾಡಿಕೊಂಡ. ಅದನ್ನು ಯಾರು ಸುಮ್ನೆ ನಟಿಸುತ್ತಾರೆ ಹೇಳಿ? ಅಂಪೈರ್ ಕನಿಕರವನ್ನೂ ತೋರಿಸಲಿಲ್ಲ, ಹೊತ್ತು ಮಾಡಿದ್ದಕ್ಕೆ ಎಚ್ಚರಿಕೆ ಕೊಟ್ಟರು.

ಆಮೇಲೆ ಪಾಯಿಂಟ್ ಪಾಯಿಂಟ್ ನಡುವೆ ರಾಕೆಟ್ಟನ್ನೇ ಊರುಗೋಲು ಮಾಡಿಕೊಂಡು ನಿಲ್ಲುತ್ತಿದ್ದ. ಟೈಬ್ರೇಕ್ 6-7 ಆದಾಗ ಕೊರೆಟ್ಜಾಗೆ ಮ್ಯಾಚ್ ಪಾಯಿಂಟ್, ಅಂದರೆ ಇನ್ನೊಂದು ಪಾಯಿಂಟ್ ಸಿಕ್ಕರೆ ಗೆಲುವು. ಸ್ಯಾಂಪ್ರಸ್ ನೆಟ್ ಹತ್ತಿರ ಮೈಚಾಚಿ ಹೇಗೋ ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಹೊಡೆತ) ಹೊಡೆದು ಉಳಿದುಕೊಂಡ. ಮರು ಪಾಯಿಂಟ್‌ಗೆ ಮೊದಲ ಸರ್ವ್ ತಪ್ಪಿತು. ಕಾಲು ನಿಲ್ಲದವನು ಎರಡನೇ ಸರ್ವ್‌ನಲ್ಲಿ ಏಸ್ ಹೊಡೆದ, ಎದುರಾಳಿ ಮುಟ್ಟಲೂ ಆಗದ ಸರ್ವ್! ನಿಮ್ಮ ಅನುಮಾನ ಹುಟ್ಟಿದ್ದು ಬಹುಶಃ ಇಲ್ಲೇ ಅಲ್ವಾ? ಆದರೆ ಸರ್ವ್‌ಗೆ ಓಡಬೇಕಾಗಿಲ್ಲ. ಓಡಲಾಗದವನು ಪಾಯಿಂಟ್ ಬೇಗ ಮುಗಿಸಲು ಜಾಸ್ತಿ ರಿಸ್ಕ್ ತಗೊಳ್ಳುತ್ತಾನೆ, ಎದುರಿನವನೋ ಏನು ಮಾಡಬೇಕು ಅಂತ ಗೊಂದಲಕ್ಕೆ ಬೀಳುತ್ತಾನೆ. ಕೊನೆಗೆ ಡಬಲ್ ಫಾಲ್ಟ್ ಮಾಡಿ (ಎರಡೂ ಸರ್ವ್ ತಪ್ಪಿಸಿ) ಮ್ಯಾಚ್ ಬಿಟ್ಟುಕೊಟ್ಟಿದ್ದು ಕೊರೆಟ್ಜಾನೇ. ಪಾಪ, ನನಗೆ ಇವತ್ತಿಗೂ ಬೇಜಾರಾಗುವುದು ಅವನ ಬಗ್ಗೆ.

1989ರ ಫ್ರೆಂಚ್ ಓಪನ್‌ನಲ್ಲಿ ಸ್ನಾಯು ಸೆಳೆತದಿಂದ ಒದ್ದಾಡುತ್ತಿದ್ದ 17 ವರ್ಷದ ಅಮೆರಿಕದ ಆಟಗಾರ ಮೈಕೆಲ್ ಚಾಂಗ್, ಎದುರಾಳಿ ಇವಾನ್ ಲೆಂಡ್ಲ್‌ಗೆ ಅಂಡರ್‌ಆರ್ಮ್ ಸರ್ವ್ (ಕೈ ಕೆಳಗಿನಿಂದ ಹೊಡೆಯುವ ಸರ್ವ್) ಮಾಡಿದ ಇಂಥದ್ದೇ ಇನ್ನೊಂದು ಆಟ ಸಿಕ್ಕರೆ ನೋಡಿ. ಅಲ್ಲೂ ಕೊನೆಯ ಪಾಯಿಂಟ್ ಲೆಂಡ್ಲ್ ಮಾಡಿದ ಡಬಲ್ ಫಾಲ್ಟೇ.