ಸೀಟ್ ಬೋಲ್ಟ್ ದಾರಿಯಲ್ಲೇ ತುಂಡಾದರೆ

ನಂದಿ ಬೆಟ್ಟದ ಸೈಕಲ್ ರೈಡ್‌ನಲ್ಲಿ ಸೀಟ್ ಬೋಲ್ಟ್ ಮುರಿದರೆ ನೀರಿನ ಬಾಟಲ್ ಸಿಕ್ಕಿಸುವ ಕೇಜ್‌ನದ್ದು ಹಾಕಬಹುದಾ ಅಂತ ಕೇಳಿದ್ದೀರಿ. ಮುರಿದದ್ದು ಫ್ರೇಮಿನ ಕಾಲರ್ (ಸೀಟಿನ ಕಂಬವನ್ನು ಬಿಗಿಹಿಡಿಯುವ ಬಳೆ) ಬೋಲ್ಟ್ ಆಗಿ, ಅದೂ ಎಂ5 (5 ಮಿ.ಮೀ. ದಪ್ಪದ್ದು) ಆಗಿದ್ದು, ಉದ್ದ ಸಾಕಾದರೆ, ಮನೆ ಮುಟ್ಟುವಷ್ಟಕ್ಕೆ ಹಾಕಿ. ಕೇಜ್ ಬೋಲ್ಟೂ ಸಾಮಾನ್ಯವಾಗಿ ಎಂ5.

ಸೀಟಿನ ಅಡಿಯ ಕಂಬಿ ಹಿಡಿಯುವ ಬೋಲ್ಟ್ ಆದರೆ ಬೇಡವೇ ಬೇಡ. ಅದು ಹೆಚ್ಚಾಗಿ ಎಂ6 ಇಲ್ಲವೇ ಎಂ8, ಪೂರ್ತಿ ಭಾರ ಅದರ ಮೇಲೇ. ಒಳಗುಳಿದ ತುಂಡು ನೋಡಿ ಗಾಬರಿಯಾಗಬೇಡಿ. ತಲೆ ಹಾರಿದ ಮೇಲೆ ಬಿಗಿತ ಹೋಗಿರುತ್ತೆ. ತುಕ್ಕು ಹಿಡಿದಿಲ್ಲದಿದ್ದರೆ, ಹೊರಚಾಚಿದ ತುದಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಬಂದುಬಿಡುತ್ತೆ. ದಾರಿಯ ಬೈಕ್ ಗ್ಯಾರೇಜಿನಲ್ಲಿ ಹಳೇ ಬೋಲ್ಟ್ ತೋರಿಸಿ, ಅದೇ ಅಳತೆಯದು, ತಲೆ ಮೇಲೆ 8.8 (ಗಟ್ಟಿತನದ ದರ್ಜೆ) ಅಂತ ಇದ್ದದ್ದನ್ನೇ ಕೇಳಿ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಬೋಲ್ಟ್ ಬಿಚ್ಚಿ ಸೀಟಿಗೆ ಹಾಕಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.