ಮನೆಗೆ ಕಳಿಸುವುದೆಂದರೆ ಕೈಬಿಡುವುದೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉತ್ತರ ಕನ್ನಡದ ಸಿದ್ದಿ ಸಮುದಾಯದ ಹಿರಿಯರೊಬ್ಬರಿಗೆ ಬಾಯಿಯ ಕ್ಯಾನ್ಸರ್. ಕುತ್ತಿಗೆಗೂ ಹಬ್ಬಿದೆ, ಆಹಾರವೆಲ್ಲ ಮೂಗಿನ ನಳಿಕೆಯಲ್ಲಿ. ವಾಸಿಯಾಗುವ ಹಂತ ದಾಟಿದೆ, ಇನ್ನು ನೋವು ಕಡಿಮೆ ಮಾಡುವ ಆರೈಕೆಯನ್ನು ಮನೆಯಲ್ಲೇ ನೀಡಬಹುದು ಎಂದು ವೈದ್ಯರು ಹೇಳಿದ್ದೇ ತಡ, ಹಿರಿಯ ಮಗ ಎದ್ದು ಹೊರನಡೆದರು. ತೀವ್ರ ನೋವನ್ನು ತಗ್ಗಿಸುವ ಮಾರ್ಫಿನ್ ಮಾತ್ರೆಯನ್ನು ಮನೆಯವರು ಮುಟ್ಟಲಿಲ್ಲ. ‘ಕುಟುಂಬದವರು ಸಹಕರಿಸುತ್ತಿಲ್ಲ, ತಿಳಿವಳಿಕೆ ನೀಡಿ’ ಎಂಬ ಟಿಪ್ಪಣಿಯೊಂದಿಗೆ ಪ್ರಕರಣ, ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರೊಡನೆ ಮಾತಾಡುವ ಕೆಲಸದ ನನ್ನ ಬಳಿ ಬಂತು.

ತಿಳಿವಳಿಕೆಗೇನೂ ಕೊರತೆಯಿರಲಿಲ್ಲ. ಗಡ್ಡೆ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಮಗ ತಮ್ಮ ಕುತ್ತಿಗೆಯ ಮೇಲೆ ಬೆರಳಿಟ್ಟು ತೋರಿಸಿದರು. ಅವರ ದೂರು ಬೇರೆ. “ಒಳಗೆ ಬರುವಾಗ ಯಾವ ದೇಶದವರು, ಪಾಸ್‌ಪೋರ್ಟ್ ಕೊಡಿ ಎಂದರು. ಆಧಾರ್ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡಿದರು. ಈಗ ಮನೆಗೆ ಹೋಗಿ ಎನ್ನುತ್ತಾರೆ. ಟಿ.ವಿ.ಯಲ್ಲಿ ದಯಾಮರಣದ ಸುದ್ದಿ ನಾನೂ ನೋಡಿದ್ದೇನೆ ಮೇಡಂ. ಸಹಿ ಕೇಳುವುದು ಅದಕ್ಕೇ ತಾನೆ?”

ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ಸಂತತಿ ಈ ಸಿದ್ದಿಗಳು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದ್ದಾರೆ. ಆದರೂ ಮೈಬಣ್ಣ, ಗುಂಗುರು ಕೂದಲು ಕಂಡೊಡನೆ ಪರದೇಶದವರೆನ್ನುವುದು ನಿಂತಿಲ್ಲ. ಬಾಗಿಲಲ್ಲೇ ತಡೆಸಿಕೊಂಡವರು ‘ಮನೆಗೆ ಹೋಗಿ’ ಎಂಬ ಮಾತನ್ನು ಅನುಮಾನಿಸದೆ ಇನ್ನೇನು ಮಾಡಿಯಾರು?

ಸಹಿಯ ಭಯವನ್ನು ಮೊದಲು ಬಿಡಿಸಬೇಕಿತ್ತು. ಮಗ ಟಿ.ವಿ.ಯಲ್ಲಿ ಕಂಡ ಸುದ್ದಿಯ ಹಿಂದಿನ 2025ರ ಜನವರಿಯ ರಾಜ್ಯ ಸರ್ಕಾರದ ಆದೇಶ ದಯಾಮರಣದ್ದಲ್ಲ. ಚೇತರಿಕೆಯ ಆಸೆಯಿಲ್ಲದ ರೋಗಿಗೆ ಹಾಕಿದ ವೆಂಟಿಲೇಟರಿನಂತಹ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಕುರಿತದ್ದು. ಸುಪ್ರೀಂ ಕೋರ್ಟಿನ 2018ರ ತೀರ್ಪು, 2023ರ ತಿದ್ದುಪಡಿಯಂತೆ ಅದಕ್ಕೆ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಇವರ ಮುಂದಿದ್ದುದು ಬರೀ ಬಿಡುಗಡೆ ಪತ್ರ. ಅದನ್ನು ಸಾಲು ಸಾಲಾಗಿ ಓದಿ ಹೇಳಿದೆ. ಪಾಸ್‌ಪೋರ್ಟ್ ಕೇಳಿದ ವಿಚಾರವನ್ನು ದೂರಾಗಿ ಬರೆದು ಆಡಳಿತಕ್ಕೆ ಕೊಟ್ಟೆವು.

ಇಷ್ಟೆಲ್ಲ ನಡೆದರೂ ರೋಗಿಯನ್ನು ಯಾರೂ ಕೇಳಿರಲಿಲ್ಲ! ದವಡೆ ತೆರೆಯದ ಅವರ ಸನ್ನೆಯನ್ನು ಸೊಸೆ ಬಿಡಿಸಿ ಹೇಳಿದರು: ಹಿರಿಯರ ಪೂಜೆ ನಡೆಯುವ ಮನೆಯಲ್ಲೇ ಇರಬೇಕು, ರಾತ್ರಿಯ ನೋವು ಮಾತ್ರ ತಡೆಯಲಾಗದು.

ವೈದ್ಯರಿಗೆ ನನ್ನ ಸಲಹೆ: ಮಂಚದ ಪಕ್ಕ ಕುಳಿತು, ಮಗನೆದುರೇ ಮಾತಾಡಿ. ಮನೆಗೆ ನರ್ಸ್ ಬರುವ ದಿನವನ್ನೂ ಕರೆ ಮಾಡಬೇಕಾದ ನಂಬರನ್ನೂ ಬಿಡುಗಡೆಗೆ ಮುಂಚೆಯೇ ಬರೆದುಕೊಡಿ. ಬೇಕಾದರೆ ಮತ್ತೆ ದಾಖಲು ಮಾಡಿಕೊಳ್ಳುತ್ತೇವೆಂಬುದನ್ನೂ ಸೇರಿಸಿ. ಮಾರ್ಫಿನ್ನಿನ ಮೊದಲ ಪ್ರಮಾಣ ವಾರ್ಡಿನಲ್ಲೇ ಆಗಲಿ.

ಹಾಗೇ ಆಯಿತು. ಸೊಸೆಯೇ ಮಾತ್ರೆಯನ್ನು ಪುಡಿಮಾಡಿ, ನೀರಲ್ಲಿ ಕಲಸಿ ನಳಿಕೆಗೆ ಹಾಕಿದರು. ಮೊದಲು ಸ್ವಲ್ಪ ಮಂಪರು ಬರಬಹುದು, ಮಲಬದ್ಧತೆಗೆ ಬೇರೆ ಔಷಧ ಜೊತೆಗಿರಲೇಬೇಕು, ನೋವಿಗೆ ತಕ್ಕಂತೆ ಕೊಟ್ಟರೆ ಸಾವನ್ನು ಹತ್ತಿರ ತರುವುದಿಲ್ಲ ಎಂದು ಮೊದಲೇ ಹೇಳಿದ್ದೆವು. ನಾಲ್ಕು ಗಂಟೆಗೊಮ್ಮೆ ಕೊಡುವುದನ್ನು ಅವರು ಬೇಗ ಕಲಿತರು.

ಮಗ ಮಾತ್ರ ಒಪ್ಪಲಿಲ್ಲ. ಎಮ್ಮೆ ಮಾರಿ ಹುಬ್ಬಳ್ಳಿಗೆ ಒಯ್ಯುವೆ ಎಂದರು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು, ಆದರೆ ತಂದೆಯನ್ನು ಅಷ್ಟು ದೂರ ಅಲುಗಾಡಿಸಬೇಡಿ, ಎಮ್ಮೆಯನ್ನೂ ಮಾರಬೇಡಿ ಎಂದು ಹೇಳಿ, ವರದಿಗಳ ಪ್ರತಿ ತೆಗೆಸಿಕೊಟ್ಟೆ. ತಂದೆಯನ್ನು ಮನೆಗೆ ಮುಟ್ಟಿಸಿ, ವರದಿಗಳೊಂದಿಗೆ ಅವರೊಬ್ಬರೇ ಹುಬ್ಬಳ್ಳಿ ಬಸ್ ಹತ್ತಿದರು.